ದೊರೆಯನ್ನು ಕಳಿಸಿದ ಬಗೆ

14 ಜೂನ್ 2008, ಶನಿವಾರ

ಎಸಿ ಮತ್ತೆ ಕೆಟ್ಟಿದೆ. ಬೆಳಗ್ಗಿನಿಂದ ವಿಮಾನದ ಸರಕಿನ ಏರ್‌ವೇ ಬಿಲ್ಲು ಟೈಪ್ ಮಾಡಿ ಮಾಡಿ ಕುತ್ತಿಗೆ ಹಿಡಿದಿದೆ. ಖರ್ಜೂರ, ಮೆಷಿನ್ ಪಾರ್ಟ್ಸ್, ಮತ್ತೆ ಖರ್ಜೂರ. ಈ ಗಲ್ಫ್ ಕಾರ್ಗೋ ಆಫೀಸಿನ ಮಾಲೀಕರಾದ ಜುವಾಕಿಂ ಅಂಕಲ್ ಪೇಪರಿನಲ್ಲಿ ಹೊಸ ಜಾಹೀರಾತು ಕೊಟ್ಟಿದ್ದಾರೆ — ನಿಮ್ಮ ಸಾಕುಪ್ರಾಣಿ ಸುರಕ್ಷಿತವಾಗಿ, ಅರ್ಧ ದರಕ್ಕೆ. ನಾಯಿ ಬರಬಹುದು, ಬೆಕ್ಕು ಬರಬಹುದು ಅಂದುಕೊಂಡಿದ್ದೆ. ಬಂದದ್ದು ಓತಿಕ್ಯಾತ.

ತಂದವರು ಕೋಕಿಲಾ ಮೇಡಂ. ಮೈಸೂರಿನವರು, ಇಲ್ಲಿನ ಬನಿಯಾಸ್‌ನಲ್ಲಿ ಒಂದು ಕ್ಲಿನಿಕ್ಕಿನ ಲ್ಯಾಬ್ ಟೆಕ್ನಿಷಿಯನ್. ಗಂಡನಿಗೆ ಮ್ಯಾಂಚೆಸ್ಟರ್‌ಗೆ ವರ್ಗವಾಗಿದೆ. ಓತಿಕ್ಯಾತ ಅಲ್ಲವಂತೆ, ಬಿಯರ್ಡೆಡ್ ಡ್ರ್ಯಾಗನ್. ಮೊಳದಷ್ಟು ಉದ್ದ, ಗಂಟಲ ತುಂಬ ಮುಳ್ಳು. ಹೆಸರು ದೊರೆ. ಫ್ಲಾಟಿನ ಹಳೆಯ ಬಾಡಿಗೆದಾರರು ಬಾತ್‌ರೂಮಿನಲ್ಲಿ ಬಿಟ್ಟು ಹೋಗಿದ್ದರಂತೆ. ಇವರು ಸಿರಿಂಜಿನಲ್ಲಿ ನೀರು ಕುಡಿಸಿ ಬದುಕಿಸಿದರು. ಈಗ ಅಡುಗೆ ಮಾಡುವಾಗ ಭುಜದ ಮೇಲೆ ಕೂರುತ್ತದಂತೆ. ಭುಜದ ಗೀರುಗಳನ್ನು ತೋರಿಸಿದರು, ಹೊಸ ಒಡವೆ ತೋರಿಸುವ ಹಾಗೆ.

"ಎಂತ ಹೆದರಿಕೆ ಮೇಡಂ? ಮರಳುಗಾಡಿನ ಜೀವ. ಸೆಕೆ ಅದಕ್ಕೆ ಎಂತ ಮಾಡ್ತದೆ?" ಎಂದರು ಅಂಕಲ್.

ಆಕೆ ನಗಲಿಲ್ಲ. "ಬಿಸಿಲು ಜಾಸ್ತಿ ಆದ್ರೆ ಅದು ನೆರಳಿಗೆ ಓಡತ್ತೆ ಸರ್. ಡಬ್ಬದೊಳಗೆ ಎಲ್ಲಿಗೆ ಓಡತ್ತೆ?"

ಅಂಕಲ್ ದರಪಟ್ಟಿ ಹುಡುಕತೊಡಗಿದರು. ನನಗೆ ಖುಷಿಯಾಯಿತು.

18 ಜೂನ್, ಬುಧವಾರ

ಕೋಕಿಲಾ ಪೆಟ್ಟಿಗೆ ತಂದರು. ಸ್ವತಃ ಮಾಡಿದ್ದು. ಮೀನು ಮಾರುಕಟ್ಟೆಯ ಥರ್ಮಕೋಲ್ ಪೆಟ್ಟಿಗೆ ತೊಳೆದು, ಸುತ್ತ ತೂತು ಕೊರೆದು, ಗಟ್ಟಿ ಮರದ ಚೌಕಟ್ಟಿನೊಳಗೆ ಕೂರಿಸಿದ್ದಾರೆ. ಒಳಗೆ ಹತ್ತಿಬಟ್ಟೆಯ ಚೀಲ. ದೊರೆಗೆ ಊಟ ನಿಲ್ಲಿಸಿಯಾಗಿದೆ. ಹೊಟ್ಟೆಯಲ್ಲಿದ್ದದ್ದು ಅರಗದೆ ಪ್ರಯಾಣ ಮಾಡಬಾರದಂತೆ. ಮುಚ್ಚಳದ ಮೇಲೆ ದೊಡ್ಡ ಅಕ್ಷರ: ಜೀವಂತ ಪ್ರಾಣಿ. ಬಿಸಿಲಿನಲ್ಲಿ ಇಡಬೇಡಿ.

ರಾತ್ರಿಯ ನೇರ ವಿಮಾನವೇ ಆಗಬೇಕು ಎಂದರು. ಅದಕ್ಕೇ ಹಣ ಕಟ್ಟಿದರು. ಆಗಲಿ ಎಂದರು ಅಂಕಲ್, ನನ್ನೆದುರೇ. ಕೋಕಿಲಾ ನಾಳೆ ಹೊರಡುತ್ತಾರೆ, ಅಲ್ಲಿ ಮೊದಲೇ ಇದ್ದು ದೊರೆಯನ್ನು ಇಳಿಸಿಕೊಳ್ಳಲು. ದೊರೆ ಹೊರಡುವುದು ಶುಕ್ರವಾರ ರಾತ್ರಿ.

21 ಜೂನ್, ಶನಿವಾರ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿದೆ. ಆಗಲಿ.

ಸ್ಟೋರ್ ರೂಮಿಗೆ ಕಾಗದದ ಕಟ್ಟು ತರಲು ಹೋದೆ. ಮೂಲೆಯಲ್ಲಿ ಕೋಕಿಲಾ ಅವರ ಪೆಟ್ಟಿಗೆ. ಖಾಲಿ. ದೊರೆ ಹೋಗಲಿಲ್ಲವೇ ಎಂದು ನಮ್ಮ ಡ್ರೈವರ್ ಕುಂಞಾಲಿಕ್ಕನನ್ನು ಕೇಳಿದೆ. ಹೋಯಿತು ಎಂದರು, ನೆಲ ನೋಡಿಕೊಂಡು. ವಿಮಾನದಲ್ಲಿ ಜಾಗಕ್ಕೆ ದುಡ್ಡು. ಥರ್ಮಕೋಲ್ ಸುಮ್ಮನೆ ಜಾಗ ತಿನ್ನುತ್ತದೆ ಎಂದು ಅಂಕಲ್ ಅದನ್ನು ಪ್ಲಾಸ್ಟಿಕ್ ಕ್ರೇಟಿಗೆ ಹಾಕಿಸಿದರಂತೆ. ನೇರ ವಿಮಾನವೂ ಅಲ್ಲ, ರಾತ್ರಿಯೂ ಅಲ್ಲ. ಶುಕ್ರವಾರ ಮಧ್ಯಾಹ್ನ, ತರಕಾರಿಯ ಜೊತೆ, ನಡುವೆ ಇನ್ನೊಂದು ಊರಿನಲ್ಲಿ ಇಳಿಸಿ ಹತ್ತಿಸುವ ಅಗ್ಗದ ದಾರಿ. ಇಲ್ಲಿ ಶುಕ್ರವಾರವೇ ರಜೆ, ನಾನು ಚರ್ಚಿಗೆ ಹೋದ ಹೊತ್ತು. ಬಿಲ್ಲು ಅವರೇ ಟೈಪ್ ಮಾಡಿದ್ದಾರೆ. ಎರಡು ವರ್ಷದಲ್ಲಿ ಒಮ್ಮೆಯೂ ಕೀಬೋರ್ಡ್ ಮುಟ್ಟದವರು.

ಜೂನ್ ತಿಂಗಳ ಮಧ್ಯಾಹ್ನ. ರನ್‌ವೇ ಬದಿಯ ಟ್ರಾಲಿಯ ಮೇಲೆ. ಮುಚ್ಚಿದ ಕ್ರೇಟು.

ಅಂಕಲ್‌ನನ್ನು ಕೇಳಿದೆ. ತಲುಪುತ್ತದೆ, ನೀನು ನಿನ್ನ ಕೆಲಸ ನೋಡು ಎಂದರು.

22 ಜೂನ್, ಭಾನುವಾರ

ತಲುಪಿತು. ಸತ್ತು.

ಕೋಕಿಲಾ ಅವರ ಮೇಲ್‌ನಲ್ಲಿ ಒಂದೇ ಸಾಲು. ಏನಾಯಿತು ಎಂದು ತಿಳಿಸಿ. ಅಷ್ಟೇ. ಬೈದಿದ್ದರೂ ಪರವಾಗಿರಲಿಲ್ಲ.

ಪ್ರಾಣಿಗೆ ವಯಸ್ಸಾಗಿತ್ತು ಎಂದು ಉತ್ತರ ಟೈಪ್ ಮಾಡು ಎಂದರು ಅಂಕಲ್. ಮಾಡುವುದಿಲ್ಲ ಎಂದೆ. ಮೊದಲು ನಕ್ಕರು. ಅಮ್ಮನ ಚಿಕ್ಕಪ್ಪನ ಮಗ ಇವರು. ನನ್ನ ವೀಸಾ ಇವರದು, ಪಾಸ್‌ಪೋರ್ಟ್ ಇವರ ಡ್ರಾವರಿನಲ್ಲಿ.

"ಒಂದು ಓತಿಗೆ ಇಷ್ಟು ರಂಪ ಎಂತಕ್ಕೆ ಮಾರಾಯ್ತಿ? ಮನುಷ್ಯ ಸತ್ತದ್ದಾ?"

"ಮನುಷ್ಯರಿಗೆ ಮೋಸ ಮಾಡಿದ್ದು ಅಂಕಲ್."

ಹೊರಗೆ ಬಂದು ಮ್ಯಾಂಚೆಸ್ಟರ್‌ಗೆ ಫೋನ್ ಮಾಡಿದೆ. ಕ್ರೇಟು, ತರಕಾರಿ, ಮಧ್ಯಾಹ್ನ — ಒಂದೂ ಬಿಡದೆ ಹೇಳಿದೆ. ಕೋಕಿಲಾ ವಿಮಾನದ ಹೊತ್ತನ್ನು ಎರಡು ಸಲ ಕೇಳಿದರು. ಇದನ್ನೆಲ್ಲ ಬರೆದು ಸಹಿ ಹಾಕಿ ಕೊಡುವಿರಾ ಎಂದರು. ಕೊಡುತ್ತೇನೆ ಎಂದೆ.

25 ಜೂನ್, ಬುಧವಾರ

ಜಾಹೀರಾತು ಇನ್ನೂ ಬರುತ್ತಿದೆ!

ಇವತ್ತು ಶಾಮಸುಂದರ್ ಎಂಬವರು. ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು, ಜರ್ಮನಿಗೆ ಹೋಗುವವರು. ದಿಂಬಿನ ಕವರಿನಲ್ಲಿ ಕಾರ್ನ್ ಸ್ನೇಕ್. ಕೇಸರಿ ಬಣ್ಣದ, ವಿಷವಿಲ್ಲದ ಹಾವು. ಅಂಕಲ್ ಅದೇ ಕುರ್ಚಿ ಎಳೆದು ಕೂರಿಸಿದರು. ಅದೇ ನಗು. ಸೆಕೆ ಅದಕ್ಕೆ ಎಂತ ಮಾಡ್ತದೆ ಸರ್?

ಎದ್ದು ನಿಂತೆ. ಹೋದ ವಾರ ಒಂದನ್ನು ಕೊಂದಿದ್ದೇವೆ ಸರ್ ಎಂದೆ. ಅವರು ನನ್ನನ್ನು ನೋಡಿದರು, ಅಂಕಲ್‌ನನ್ನು ನೋಡಿದರು, ದಿಂಬಿನ ಕವರು ಎತ್ತಿಕೊಂಡು ಹೊರಟುಹೋದರು.

ಬಾಗಿಲು ಮುಚ್ಚಿದ ಮೇಲೆ ಅಂಕಲ್ ಕೂಗಲಿಲ್ಲ. ಖಲಾಸ್ ಎಂದರು. ನಾಳೆಯೇ ನಿನ್ನ ವೀಸಾ ಕ್ಯಾನ್ಸಲ್.

ಹಂಗಿನ ವೀಸಾ. ಹೋಗಲಿ.

3 ಜುಲೈ, ಗುರುವಾರ

ಎಲ್ಸಿ ಆಂಟಿ ಫೋನ್ ಮಾಡಿದ್ದರು. ಅಂಕಲ್ ಹೆಂಡತಿ. ಬರೆದು ಕೊಟ್ಟದ್ದನ್ನು ವಾಪಸ್ ತೆಗೆದುಕೋ, ಕೋರ್ಟು ಗೀರ್ಟು ಆದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎಂದು ಅತ್ತರು. ಊರಲ್ಲಿ ನನ್ನ ಮುಖಕ್ಕೆ ಏನಾಗುತ್ತದೆ ಎಂದು ಕೇಳಲಿಲ್ಲ. ಅಮ್ಮನೂ ಇನ್ನೊಂದು ಲೈನಿನಲ್ಲಿ ಅದನ್ನೇ. ಅವರೇ ತಾನೇ ನಿನ್ನನ್ನು ದಡ ಹತ್ತಿಸಿದ್ದು... ಫೋನ್ ಇಟ್ಟುಬಿಟ್ಟೆ.

ಮಧ್ಯೆ ಒಂದು ಒಳ್ಳೆಯದು. ಶಾಮಸುಂದರ್ ನನ್ನ ನಂಬರು ಹುಡುಕಿ ಕರೆದರು. ಇಬ್ಬರೂ ಸೇರಿ ಕೋಕಿಲಾ ಅವರ ಅಳತೆಯಲ್ಲೇ ಪೆಟ್ಟಿಗೆ ಮಾಡಿದೆವು, ಇನ್ನೂ ಚಿಕ್ಕದು. ಸುರುಳಿ ಸುತ್ತಿದ ಹಾವಿಗೆ ಎಷ್ಟು ಜಾಗ ಬೇಕು? ಕಾಗದಪತ್ರ ನಾನು ತುಂಬಿದೆ. ರಾತ್ರಿ ವಿಮಾನ, ನೇರ. ವಿಮಾನ ನಿಲ್ದಾಣದ ಸರಕಿನ ಶೆಡ್ಡಿಗೆ ಅವರೇ ಒಯ್ದು ಕೊಟ್ಟರು, ನಡುವೆ ಏಜೆಂಟ್ ಇಲ್ಲ. ಹಾವು ಬಂತು, ನಾಲಗೆ ಚಾಚುತ್ತಿದೆ ಎಂದು ಜರ್ಮನಿಯಿಂದ ಮೆಸೇಜ್. ಒಟ್ಟು ಖರ್ಚು ಅಂಕಲ್ ಹೇಳಿದ ಅರ್ಧ ದರಕ್ಕಿಂತ ಒಂದು ಹೊತ್ತಿನ ಊಟದಷ್ಟು ಹೆಚ್ಚು. ಅದನ್ನು ಕೇಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಏರಿತು. ಇಷ್ಟಕ್ಕೆ ಕೊಂದರಲ್ಲ!

9 ಜುಲೈ, ಬುಧವಾರ

ಪಾಸ್‌ಪೋರ್ಟ್ ಕೈಗೆ ಬಂತು, ಕ್ಯಾನ್ಸಲ್ ಮುದ್ರೆ ಸಮೇತ. ಅಂಕಲ್ ಮೇಜಿನ ಮೇಲೆ ಎಸೆದರು. ನಾಡಿದ್ದು ಮಂಗಳೂರಿಗೆ. ಸೂಟ್‌ಕೇಸಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಸಂಜೆ ಕೋಕಿಲಾ ಫೋನ್ ಮಾಡಿದರು. ಅಲ್ಲಿನ ಪಶುವೈದ್ಯರ ವರದಿಯನ್ನು ಮೊನ್ನೆ ನನಗೆ ಫಾರ್ವರ್ಡ್ ಮಾಡಿದ್ದರು. ದೂರು ಕೊಟ್ಟಾಯಿತು, ಜಾಹೀರಾತು ನಿಂತಿದೆಯಂತೆ ಎಂದೆಲ್ಲ ಮಾತಾಡಿದೆವು. ಆಮೇಲೆ ಅವರ ದನಿ ಸಣ್ಣದಾಯಿತು.

"ವರದಿ ನಾನು ಓದಿಲ್ಲ ನತಾಶಾ. ತೆಗೆಯೋಕೇ ಆಗ್ಲಿಲ್ಲ. ನೀವು ಓದಿದ್ರಾ?"

ಓದಿದ್ದೆ. ಸಾಯಲು ಗಂಟೆಗಟ್ಟಲೆ ಹಿಡಿದಿತ್ತು ಎಂದಿತ್ತು. ಮುಂಗಾಲುಗಳ ಉಗುರು ಕಿತ್ತುಹೋಗಿತ್ತು ಎಂದಿತ್ತು.

"ಬೇಗ ಆಯ್ತಾ, ನಿಧಾನವಾಗಿ ಆಯ್ತಾ? ಅಷ್ಟು ಹೇಳಿ, ಸಾಕು."

ಈ ಮೂರು ವಾರ ಯಾರಿಗೂ ಸುಳ್ಳು ಹೇಳಿಲ್ಲ ನಾನು. ಅದಕ್ಕೇ ಕೆಲಸ ಹೋಯಿತು. ಅಮ್ಮನ ಮಾತು ಹೋಯಿತು.

"ಬೇಗ ಆಯ್ತು ಮೇಡಂ. ನಿದ್ದೆ ಹೋದ ಹಾಗೆ."

ಉಸಿರು ಬಿಟ್ಟದ್ದು ಕೇಳಿಸಿತು. ಥ್ಯಾಂಕ್ಸ್ ಎಂದರು. ಈಗ ವರದಿ ಡಿಲೀಟ್ ಮಾಡ್ತೀನಿ ಎಂದರು. ಮಾಡದೆ ಇದ್ದರೆ? ಎಂದಾದರೂ ತೆರೆದರೆ? ಆಗ ನಾನೂ ಅವರಿಗೆ ಅಂಕಲ್ ಹಾಗೆಯೇ ಮೋಸ ಮಾಡಿದವಳು.