ಗಂಡನನ್ನು ಕದ್ದವಳ ಪಾತ್ರ

ಅಮ್ಮಾ,

ಧಾರಾವಾಹಿಯಲ್ಲಿ ಗಂಡನನ್ನು ಕದ್ದವಳ ಪಾತ್ರವನ್ನು, ಅಂದರೆ ನನ್ನನ್ನು, ಸದ್ಯಕ್ಕೆ ಸಾಯಿಸುವುದಿಲ್ಲವೆಂದು ನಿರ್ದೇಶಕರು ಬೆಳಿಗ್ಗೆ ತಿಳಿಸಿದರು. ಜನ ನನ್ನನ್ನು ಬೈದಷ್ಟೂ ನೋಡುವವರು ಹೆಚ್ಚುತ್ತಿದ್ದಾರಂತೆ.

ಚಿತ್ರೀಕರಣಕ್ಕೆ ಬಂದಿರುವ ಈ ಕಡಲೂರು ತೊಂಗ್ಯೊಂಗ್‌ನ ಮೀನುಪೇಟೆಯಲ್ಲಿ ನಿನ್ನೆ ಒಬ್ಬ ಅಜ್ಜಿ ಗುರುತು ಹಿಡಿದು ನನ್ನ ಬೆನ್ನಿಗೊಂದು ಬಾರಿಸಿದರು.

“ಏನೇ, ಕಂಡವರ ಗಂಡನೇ ಬೇಕಾಗಿತ್ತಾ ನಿಂಗೆ?”

“ಅಜ್ಜಿ, ಅದು ಬರೀ ನಟನೆ. ನಂಗಿನ್ನೂ ಮದುವೇನೇ ಆಗಿಲ್ಲ.”

“ನಿನ್ನ ಯಾರು ಮಾಡ್ಕೋತಾರೆ? ತಗೋ, ಮುಖ ಸೊರಗಿದೆ,” ಎಂದು ಒಣಮೀನಿನ ಪೊಟ್ಟಣ ಕೈಗಿಟ್ಟರು.

ಬೆನ್ನು ನೋಯುತ್ತಿಲ್ಲ. ಆದರೆ ನನ್ನ ಪಾತ್ರದ ಮೇಲಿನ ಸಿಟ್ಟಿಗೆ, ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಗೆಳತಿಯರು ಯಾರೂ ಮೊದಲಿನಂತೆ ನಿನ್ನ ಬೆನ್ನುಜ್ಜಲು ಬರುತ್ತಿಲ್ಲವೆಂದು ಅಕ್ಕ ಹೇಳಿದಳು. ಎಷ್ಟೋ ವರ್ಷಕ್ಕೆ ಸಿಕ್ಕ ಪಾತ್ರ, ಬಿಡಲಾರೆ.

ಶುಕ್ರವಾರದ ಕಂತಿನಲ್ಲಿ ನಾನು ಬಸುರಿಯೆಂದು ಅವನ ಹೆಂಡತಿಗೆ ಹೇಳುತ್ತೇನೆ. ಶನಿವಾರ ನೀನು ಪಕ್ಕದ ಬಡಾವಣೆಯ ಸ್ನಾನಗೃಹಕ್ಕೆ ಹೋಗು.

ಹಾರಿಮ್