ಬರಿ ಅಂಗಳ ಬೇಕು

ಹಿರಿಯೂರು
ಫೆಬ್ರವರಿ ೩೦, ೨೨೧೪

ಬೆಳಕಿನ ರಂಗೋಲಿ ಮಾಡ್ತಿರೋ ಇಂಚರಾ ಅವರಿಗೆ,

ನಾನು ಬೋರಮ್ಮ. ನನಗೆ ಬರೆಯೋಕೆ ಇಷ್ಟವಿಲ್ಲ, ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬಯ್ಯೋಕೆ ನೀನೇ ಸರಿ ಚಿಕ್ಕವ್ವ ಅಂತ ಅಕ್ಕನ ಮಗಳು ಸುವ್ವಿ ಹಿಡಿದು ಕೂರಿಸಿದ್ದಾಳೆ. ಫೆಬ್ರವರಿಗೆ ಮೂವತ್ತು ಹೇಗೆ ಬಂತು ಅನ್ನಬೇಡಿ, ನಮ್ಮನ್ನೂ ಯಾರೂ ಕೇಳಿ ಮಾಡಲಿಲ್ಲ. ಇದು ಕಾಲೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗೋ ಟಪಾಲು. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ಆಗದಿದ್ದರೆ ಬಿಡಿ.

ಕಾಲಿಟ್ಟರೆ ಚುಕ್ಕಿ ಮೂಡಿ, ಎಳೆ ಸುತ್ತಿ ಹೂವಾಗೋ ನೆಲವನ್ನು ನೀವು ಪ್ರದರ್ಶನಕ್ಕೆ ಇಟ್ಟಿದ್ದೀರಲ್ಲ, ಅದು ನಮ್ಮಲ್ಲಿ ಪ್ರತಿ ಬಾಗಿಲಿಗೂ ಬಂದಿದೆ. ಮಿಂಚಂಗಳ ಅಂತಾರೆ. ಹಾಲಿನವನು ಬಂದರೆ ಬಳ್ಳಿ, ಮಕ್ಕಳು ಕುಂಟೆಬಿಲ್ಲೆ ಆಡಿದರೆ ನವಿಲು, ನಾಯಿ ಮಲಗಿದರೆ ಅದರ ಸುತ್ತ ತಾವರೆ. ನಮ್ಮ ಬೀದಿ ನಾಯಿಗಳಿಗೆ ಬಹಳ ಮರ್ಯಾದೆ. ಚೆನ್ನಾಗಿದೆ, ಇಲ್ಲ ಅನ್ನೋಲ್ಲ, ನಾನೂ ಬಾಯಿಬಿಟ್ಟುಕೊಂಡು ನೋಡಿದವಳೇ. ಆದರೆ ಅದನ್ನ ಆರಿಸೋಕೆ ಒಂದು ದಾರಿಯನ್ನೇ ನೀವು ಇಟ್ಟಿಲ್ಲ.

ಹೋದ ವಾರ ನಮ್ಮಕ್ಕ ಈರಮ್ಮ ತೀರಿಕೊಂಡಳು. ಸಾವಿನ ಮನೆ ಮುಂದೆ ರಂಗೋಲಿ ಹಾಕಬಾರದು. ತಿಥಿ ಮುಗಿದು, ಅಂಗಳ ತೊಳೆದು, ಮಗಳೋ ಸೊಸೆಯೋ ಮತ್ತೆ ಮೊದಲ ಎಳೆ ಎಳೆದಾಗಲೇ ಮನೆಯವರು ಸುಧಾರಿಸಿಕೊಂಡರು ಅಂತ ಬೀದಿಗೆ ಗೊತ್ತಾಗೋದು. ಅಕ್ಕನ ಚಟ್ಟ ಹೊತ್ತವರ ಕಾಲಡಿ ನಿಮ್ಮ ತಾವರೆಗಳು ಮದುವೆ ದಿಬ್ಬಣ ಬಂದ ಹಾಗೆ ಅರಳಿದವು. ಸುವ್ವಿ ಓಡಿಹೋಗಿ ಗೋಣಿಚೀಲ ಹಾಸಿದಳು. ಚೀಲದ ತೂತಿನಲ್ಲೂ ಬೆಳಕು. ಎದುರುಮನೆ ಮಗು ಚಪ್ಪಾಳೆ ತಟ್ಟಿತು. ಅವತ್ತಿಂದ ಸುವ್ವಿ ಸರಿಯಾಗಿ ಉಂಡಿಲ್ಲ. ಒಂದು ದಿನವೂ ನಿಲ್ಲದ ರಂಗೋಲಿಯನ್ನ ಮತ್ತೆ ಹೇಗೆ ಶುರು ಮಾಡಲಿ, ಅವ್ವ ಹೋಗಿದ್ದು ಈ ಬಾಗಿಲಿಗೇ ಗೊತ್ತಾಗಲಿಲ್ಲವಲ್ಲ ಅಂತಾಳೆ.

ತಪ್ಪು ನಿಮ್ಮದೊಂದೇ ಅಲ್ಲ. ರಂಗೋಲಿ ಕಲಿಯೋಕೆ ನೀವು ಹೋಗಿದ್ದು ನಮ್ಮ ವಂಶದ ಹಿರಿಯಳು ಹೊನ್ನೂರಮ್ಮನ ಮನೆಗೆ, ಆ ಕಥೆ ನಮ್ಮ ಮನೇಲಿ ಇವತ್ತಿಗೂ ಹೇಳ್ತಾರೆ. ಚುಕ್ಕಿ ಎಷ್ಟು, ಹಬ್ಬಕ್ಕೆ ಯಾವುದು, ಎಲ್ಲ ಕೇಳಿದ್ರಿ. ಯಾವಾಗ ಹಾಕಬಾರದು ಅಂತ ಕೇಳಲಿಲ್ಲ. ಮನೆಗೆ ಬಂದ ಹೆಣ್ಣುಮಗಳ ಮುಂದೆ ಸಾವಿನ ಮಾತು ಯಾಕೆ ಅಂತ ಆಯಮ್ಮನೂ ಬಾಯಿ ಮುಚ್ಚಿಕೊಂಡು ಕುಂಕುಮ ಕೊಟ್ಟು ಕಳಿಸಿದಳು.

ಇನ್ನೊಂದು ಸಲ ಹೋಗಿ ಕೇಳಿ. ಬಿಡ್ತು ಅನ್ನು ಅಂತ ಬಯ್ತಾಳೆ. ಬಯ್ಯಿಸಿಕೊಳ್ಳಿ. ಆಮೇಲೆ ನಿಮ್ಮ ನೆಲಕ್ಕೆ ಸುಮ್ಮನಿರೋದನ್ನೂ ಕಲಿಸಿ. ಅಕ್ಕನ ತಿಥಿ ಮಾರ್ಚ್ ಐದಕ್ಕೆ. ಅದಕ್ಕೆ ಮುಂಚೆ ಒಂದು ದಿನವಾದರೂ ನಮ್ಮ ಅಂಗಳ ಬರಿದಾಗಿರಬೇಕು. ಮಾರ್ಚ್ ಮೂರರೊಳಗೆ ಉತ್ತರ ಕಳಿಸಿ.