ಒಂದು ಗೀಟು, ಒಂದು ಸೊನ್ನೆ

ಕೋಷ್ಟಕ ವರ್ಷ ೮೩, ಐದನೆಯ ತ್ರೈಮಾಸಿಕ, ಕೊನೆಯ ದಿನದ ಹಿಂದಿನ ದಿನ.

ಕುಂದರವಾಡ ಊರಿನ ಬ್ಯಾಂಕ್ ಶಾಖೆಯಲ್ಲಿ ಠೇವಣಿಯ ವಿವರಪಟ್ಟಿ ತಯಾರಿಸುವ ಮಾನ್ಯರಿಗೆ, ಗಂಗಾಂಬಿಕೆ ಹೂಲಿ ಮಾಡುವ ನಮಸ್ಕಾರಗಳು.

ನಾಲ್ಕು ಕಾಲು ಸೇರಿದರೆ ಒಂದು ಎಂದು ಕಲಿತ ನಿಮಗೆ ಐದನೆಯ ತ್ರೈಮಾಸಿಕ ಎಂದರೆ ನಗು ಬರಬಹುದು. ನಗಿರಿ, ತಪ್ಪಿಲ್ಲ. ಬೇಸಿಗೆ ಹಿಗ್ಗಿ ಹಿಗ್ಗಿ ವರ್ಷದೊಳಗೆ ಹಿಡಿಸದೆ ಹೋದಾಗ ನಮ್ಮ ಹಿರಿಯರು ವರ್ಷಕ್ಕೇ ಇನ್ನೂ ಮೂರು ತಿಂಗಳು ಸೇರಿಸಿಬಿಟ್ಟರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಅಂಕಿ ಅಂಶಗಳ ಅಡಿಟಿಪ್ಪಣಿಗಳಿಂದ. ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಕಳುಹಿಸುವ ಕಾಗದ. ನನ್ನ ಕೆಲಸದವರಿಗೆ ಜನ್ಮಕ್ಕೆ ಒಂದು ಹಿಂದೋಲೆ ಬರೆಯುವ ಅನುಮತಿ ಇದೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ.

ಘಟಪ್ರಭೆ ಹರಿಯುತ್ತಿದ್ದ ಜಾಗದಲ್ಲಿರುವ ಕೋಷ್ಟಕಮನೆಯಲ್ಲಿ ನಾನು ಸಾಲುಗಾರ್ತಿ. ಸಾಲಗಾರ್ತಿ ಎಂದು ಓದಿಕೊಳ್ಳಬೇಡಿ, ಸಾಲುಗಳನ್ನು ಕಾಯುವವಳು. ಇಲ್ಲಿರುವುದು ಒಂದೇ ಪುಸ್ತಕ: ನಿಮ್ಮ ಕಾಲದ ವಾಣಿಜ್ಯ ಬ್ಯಾಂಕುಗಳ ಠೇವಣಿ ಮತ್ತು ಆಸ್ತಿಗಳ ಪಟ್ಟಿ. ಊರಿಗೊಂದು ಸಾಲು, ತ್ರೈಮಾಸಿಕಕ್ಕೊಂದು ಅಂಕಣ, ಎಪ್ಪತ್ತು ವರ್ಷಗಳ ಲೆಕ್ಕ. ನೀರು ಹಂಚುವ ಕಾಲ ಬಂದಾಗ ಯಾರು ಎಲ್ಲಿಯವರು, ಯಾವ ಊರು ನಿಜವಾಗಿ ಇತ್ತು, ಯಾವುದು ನೀರಿಗಾಗಿ ಹುಟ್ಟಿಸಿದ ಊರು ಎಂಬ ಜಗಳ ಎದ್ದಿತು. ಜನಗಣತಿಯನ್ನು ಎಲ್ಲರೂ ತಿದ್ದಿದ್ದರು, ಪಹಣಿಯನ್ನು ಅದಕ್ಕೂ ಮೊದಲೇ ತಿದ್ದಿದ್ದರು. ಈ ಪುಸ್ತಕವನ್ನು ಮಾತ್ರ ಯಾರೂ ಓದುತ್ತಿರಲಿಲ್ಲವಾದ್ದರಿಂದ ಯಾರೂ ಮುಟ್ಟಿರಲಿಲ್ಲ. ಹಾಗಾಗಿ ನೀರಿನ ಮಂಡಳಿ ಇದನ್ನೇ ಪ್ರಮಾಣವೆಂದು ಒಪ್ಪಿತು. ಸಾಲು ಮುರಿಯದ ಊರಿನ ಸಂತತಿಗೆ ನೀರು. ನಡುವೆ ಒಂದು ಸೊನ್ನೆ ಬಿದ್ದರೂ ಆ ಊರು ಆಗ ಖಾಲಿ ಇತ್ತೆಂದು ಅರ್ಥ, ಈಗಿರುವವರು ಆಮೇಲೆ ನುಸುಳಿದವರೆಂದು ಅರ್ಥ.

ಈಗ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಹೆಸರಿನ ಜೊತೆಗೆ ಊರಿನ ಮೊದಲ ಠೇವಣಿಯನ್ನೂ ಹೇಳುತ್ತೇವೆ. ಮಕ್ಕಳು ಮಗ್ಗಿಯ ಬದಲು ತಮ್ಮ ಊರಿನ ಸಾಲನ್ನು ಬಾಯಿಪಾಠ ಮಾಡುತ್ತಾರೆ. ಬೆಳಿಗ್ಗೆ ನೀರಿನ ಕಟ್ಟೆಯ ಮುಂದೆ ನಿಂತು, ಕೊಡ ಕೆಳಗಿಡುವ ಮೊದಲು ಆ ಸಾಲನ್ನು ತಡವರಿಸದೆ ಒಪ್ಪಿಸಬೇಕು. ಮರೆವು ಬಂದ ಮುದುಕರಿಗೆ ಮೊಮ್ಮಕ್ಕಳು ಹಿಂದಿನಿಂದ ಪಿಸುಗುಡುತ್ತಾರೆ, ಕಟ್ಟೆಯವನು ಕೇಳಿಸಿದರೂ ಕೇಳಿಸದವನಂತೆ ಇರುತ್ತಾನೆ. ಜನ ಇಟ್ಟ ಹಣ ಬ್ಯಾಂಕಿಗೆ ಹೊರೆ, ಜನರಿಗೆ ಕೊಟ್ಟ ಸಾಲ ಬ್ಯಾಂಕಿಗೆ ಆಸ್ತಿ ಎಂಬುದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ನಿಮ್ಮ ಅಂಕಿಗಳು ಮಾತ್ರ ವರ್ಷ ವರ್ಷವೂ ಏರುತ್ತಲೇ ಹೋಗಿವೆ. ಪುಸ್ತಕದಲ್ಲಿ ನದಿಗೆ ಸಾಲು ಇರಲಿಲ್ಲ, ಇದ್ದಿದ್ದರೆ ಅದರ ಅಂಕಿ ಯಾವ ಕಡೆ ಹೋಗುತ್ತಿತ್ತೆಂದು ನನಗೆ ಗೊತ್ತು. ಆ ಪುಟಗಳನ್ನು ನೋಡುವಾಗ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಹಾಳೆಗಳು ಪುಡಿಯಾಗುತ್ತಿದ್ದುದರಿಂದ ಕಳೆದ ವರ್ಷ ಇಡೀ ಪುಸ್ತಕವನ್ನು ಹೊಸದಾಗಿ ನಕಲು ಮಾಡಿದೆವು. ನಮ್ಮ ಪದ್ಧತಿಯಲ್ಲಿ ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ. ಓದುತ್ತಿದ್ದವರು ಹಿರಿಯ ಸಾಲುಗಾರ ಈರಸಂಗಪ್ಪನವರು, ಬರೆಯುತ್ತಿದ್ದವಳು ನಾನು. ಶಾಖೆಯೇ ತೆರೆಯದ ಊರು ಬಂದರೆ ಅವರು ‘ಏನೂ ಇಲ್ಲ’ ಎನ್ನುತ್ತಿದ್ದರು, ನಾನು ಸೊನ್ನೆ ಬರೆಯುತ್ತಿದ್ದೆ. ಕುಂದರವಾಡದ ಸಾಲಿನಲ್ಲಿ, ಎರಡು ಸಾವಿರದ ಇಪ್ಪತ್ತೇಳರ ಜೂನ್‌ಗೆ ನಲವತ್ತೊಂದು ಕೋಟಿ ಹದಿನಾರು ಲಕ್ಷ ಎಂದರು. ಡಿಸೆಂಬರ್‌ಗೆ ನಲವತ್ತಮೂರು ಕೋಟಿ ಎರಡು ಲಕ್ಷ ಎಂದರು. ನಡುವೆ, ಸೆಪ್ಟೆಂಬರ್‌ಗೆ, ‘ಇಲ್ಲ’ ಎಂದರು. ನಾನು ಸೊನ್ನೆ ಬರೆದೆ. ಎರಡನೆಯ ಸಲ ಕೇಳದೆ ಬರೆಯುವವಳು ಎಂಬ ಹೆಸರು ನನಗಿತ್ತು, ಅದನ್ನು ಉಳಿಸಿಕೊಳ್ಳುವ ಹುಚ್ಚಿನಲ್ಲಿ ತಲೆ ಎತ್ತಿ ನೋಡಲಿಲ್ಲ.

ಆಮೇಲೆ ತಾಳೆ ನೋಡಿದಾಗ ಹಳೆಯ ಪುಟದಲ್ಲಿ ಇದ್ದದ್ದು ಸೊನ್ನೆಯಲ್ಲ, ಒಂದು ಅಡ್ಡ ಗೀಟು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಶಾಖೆಯಿಂದ ವಿವರ ಬಂದಿಲ್ಲ’ ಎಂದಿದೆ. ನಿಯಮದಲ್ಲಿ ಗೀಟಿಗೆ ಸಾಲು ಮುರಿಯುವುದಿಲ್ಲ, ಸೊನ್ನೆಗೆ ಮುರಿಯುತ್ತದೆ. ಕೇಳಿದಾಗ ಈರಸಂಗಪ್ಪನವರು ಆ ಗೀಟಿನ ಮೇಲೆ ಬೆರಳಿಟ್ಟರು. ‘ತಂಗಿ, ನಾ ಇಲ್ಲ ಅಂದದ್ದು ಅಂಕಿಗೆ, ರೊಕ್ಕಕ್ಕಲ್ಲ’ ಎಂದರು. ಅಷ್ಟರಲ್ಲಿ ನಕಲಿಗೆ ಮಂಡಳಿಯ ಮುದ್ರೆ ಬಿದ್ದಾಗಿತ್ತು, ನಕಲೇ ಮೂಲವಾಗಿತ್ತು.

ಮಂಡಳಿಯ ಬಾಗಿಲಿಗೆ ಹನ್ನೊಂದು ಸಲ ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಮುದ್ರೆ ಬಿದ್ದ ಅಂಕಿಯನ್ನು ಅಂಕಿಯಿಂದಲೇ ತಿದ್ದಬೇಕಂತೆ, ಗೀಟು ಅಂಕಿಯಲ್ಲವಂತೆ. ‘ನಂಬರ್ ತಗೊಂಡ ಬರ್ರಿ ಬಾಯಾರ, ಈಗ ತಿದ್ದಿ ಕೊಡ್ತೇವಿ’ ಎಂದು ಅಲ್ಲಿಯ ಅಧಿಕಾರಿ ಪ್ರತಿ ಸಲವೂ ನಗುನಗುತ್ತಲೇ ಹೇಳಿದ. ಜೂನ್‌ಗೂ ಡಿಸೆಂಬರ್‌ಗೂ ನಡುವೆ ಒಂದು ಅಂಕಿಯನ್ನು ಊಹಿಸಿ ಬರೆಯೋಣವೆಂದೆ. ಊಹೆಗೆ ಶಿಕ್ಷೆ ಇದೆ ಎಂದ.

ಕುಂದರವಾಡದ ಸಂತತಿ ಈಗ ಆರುನೂರ ಹನ್ನೆರಡು ಜನ. ನಾಳೆ ಅವರನ್ನು ನೀರಗೆರೆಯಾಚೆ, ಅಂದರೆ ನೀರು ಕೊಡುವ ಸೀಮೆಯ ಹೊರಗೆ ಬಿಡುತ್ತಾರೆ. ಅಲ್ಲಿಂದ ಮರಳಿದವರನ್ನು ನಾನು ಕಂಡಿಲ್ಲ. ಮೊನ್ನೆ ಅವರಲ್ಲಿ ಹಿರಿಯಳಾದ ಕಾಶವ್ವ ಕೋಷ್ಟಕಮನೆಗೆ ಬಂದಿದ್ದಳು. ಬೈಯಲಿ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು, ‘ಯವ್ವಾ, ನಾ ಮನ್ಯಾಗ ಇಲ್ಲ ಅಂದ್ರ, ಸತ್ತೀನಿ ಅಂತ ಅರ್ಥ ಏನ?’ ಎಂದು ಕೇಳಿದಳು. ನನ್ನ ಪಾಲಿನ ನೀರು ಕೊಟ್ಟೆ, ಕುಡಿದು ಹೋದಳು.

ಮಾನ್ಯರೇ, ಆ ಸೆಪ್ಟೆಂಬರಿನಲ್ಲಿ ನೀವು ಯಾಕೆ ವಿವರ ಕಳುಹಿಸಲಿಲ್ಲವೋ ನನಗೆ ತಿಳಿಯದು. ಗಣಪತಿ ಹಬ್ಬದ ರಜೆಯೋ, ಕಂಪ್ಯೂಟರ್ ಕೆಟ್ಟಿತ್ತೋ, ಮೇಲಿನವರು ಹೇಗೂ ನೋಡುವುದಿಲ್ಲ ಎಂಬ ಬೇಸರವೋ. ದೂರುತ್ತಿಲ್ಲ, ದೂರುವ ಬಾಯಿ ನನಗೆಲ್ಲಿದೆ? ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ, ಆದರೆ ನಿಮಗೆ ಅದು ಇನ್ನೂ ಮಿಂಚಿಲ್ಲ. ಆ ದಿನದ ಕೆಲಸ ಮುಗಿಸಿ ಏಳುವ ಮೊದಲು ಒಂದು ಅಂಕಿ ಬರೆದು ಕಳುಹಿಸಿಬಿಡಿ. ಲಕ್ಷ ಆಚೀಚೆಯಾದರೂ ಚಿಂತೆಯಿಲ್ಲ. ನೀವು ಕಳುಹಿಸಿದರೆ ಹಳೆಯ ಪುಟದಲ್ಲಿ ಗೀಟು ಇರುವುದಿಲ್ಲ, ಈರಸಂಗಪ್ಪನವರು ‘ಇಲ್ಲ’ ಎನ್ನುವುದಿಲ್ಲ, ನಾನು ಈ ಕಾಗದ ಬರೆಯುವುದೂ ಇಲ್ಲ.

ಬರೆಯುತ್ತಿದ್ದೇನೆ ಎಂದರೆ ನೀವು ಕಳುಹಿಸಲಿಲ್ಲ ಎಂದೇ ಅರ್ಥ. ಇಷ್ಟು ಲೆಕ್ಕ ನನಗೆ ಬರುತ್ತದೆ. ಆದರೂ ಸಹಿ ಹಾಕುವ ಮುನ್ನ ಹಳೆಯ ಪುಟವನ್ನು ಮತ್ತೊಮ್ಮೆ ಬಿಚ್ಚಿ ನೋಡಿದೆ. ಗೀಟು ಅಲ್ಲೇ ಇದೆ. ನಾಳೆ ಆರುನೂರ ಹನ್ನೆರಡು ಜನರ ಹಿಂದೆ ನಾನೂ ಹೊರಡುತ್ತೇನೆ. ಆಮೇಲೆ ನೀವು ಉತ್ತರ ಕಳುಹಿಸಿದರೂ ಓದಲು ಇಲ್ಲಿ ಇರುವುದಿಲ್ಲ. ಹೊರಡುವ ಹೊತ್ತಿಗೂ ಅದು ಬಾರದಿದ್ದರೆ, ನಿಮ್ಮ ಹೆಸರಿನ ಮುಂದೆ ನಾನು ಸೊನ್ನೆ ಬರೆಯುವುದಿಲ್ಲ. ಉತ್ತರ ಬಂದಿಲ್ಲ ಎಂದಷ್ಟೇ ಬರೆದು, ಒಂದು ಗೀಟು ಎಳೆದು ಹೋಗುತ್ತೇನೆ.

ಗಂಗಾಂಬಿಕೆ ಹೂಲಿ
ಸಾಲುಗಾರ್ತಿ, ಮತ್ತು ಈಗ ಸಾಲಗಾರ್ತಿ